ಹಳೆಯ ಕಾರಿನ ಕೊರಳು: ಪೆಟ್ರೋಲ್ ಸೋರುವುದೇಕೆ, ನಿಲ್ಲಿಸುವುದು ಹೇಗೆ?

ಬೇಸಿಗೆಯ ಒಂದು ಮುಂಜಾನೆ. ಬಾಗಲಕೋಟೆಯ ನವನಗರದ ಪೆಟ್ರೋಲ್ ಬಂಕಿಗೆ ಹಳೆಯ ಅಂಬಾಸಡರ್ ಕಾರೊಂದು ಬಂದು ನಿಂತಿದೆ ಎಂದು ಊಹಿಸಿಕೊಳ್ಳಿ. ಮನೆಮಂದಿಯೆಲ್ಲ ಬಾದಾಮಿಯ ಗುಹೆಗಳನ್ನು ನೋಡಲು ಹೊರಟಿದ್ದಾರೆ. ಅಲ್ಲಿಂದ ಪಟ್ಟದಕಲ್ಲು, ಐಹೊಳೆ, ಹುನಗುಂದ. ಸಂಜೆಯ ಹೊತ್ತಿಗೆ ಇಳಕಲ್ಲು ಸೇರಬೇಕು. ದೂರದ ದಾರಿ, ಟ್ಯಾಂಕು ತುಂಬಿರಲಿ ಎಂದು ಯಜಮಾನರು ಬಾಯಿಮಟ್ಟ ಪೆಟ್ರೋಲ್ ಹಾಕಿಸುತ್ತಾರೆ.

ಬಾದಾಮಿಯಲ್ಲಿ ಕಾರನ್ನು ಬಿಸಿಲಿಗೆ ನಿಲ್ಲಿಸಿ, ಮೆಟ್ಟಿಲು ಹತ್ತಿ, ನಾಲ್ಕೂ ಗುಹೆಗಳನ್ನು ನೋಡಿ ಇಳಿದು ಬರುವಷ್ಟರಲ್ಲಿ ಕಾರಿನ ಹಿಂಬದಿಯಲ್ಲಿ ಒದ್ದೆ ಗೆರೆಯೊಂದು ಮೂಡಿದೆ.

"ಅಪ್ಪಾ, ಪೆಟ್ರೋಲ್ ವಾಸನಿ ಬರಾಕತ್ತೇತಿ" ಎನ್ನುತ್ತಾನೆ ಮಗ.

"ಮುಚ್ಚಳ ಸಡ್ಲ ಆಗಿರಬೇಕು, ಬಿಗಿ ಮಾಡು" ಎನ್ನುತ್ತಾರೆ ತಂದೆ.

ಬಿಗಿ ಮಾಡಿದ್ದಾಯಿತು. ಆದರೂ ವಾಸನೆ ನಿಲ್ಲುವುದಿಲ್ಲ. ಏಕೆ? ವಿದ್ಯಾರ್ಥಿ ಮಿತ್ರರೇ, ಈ ಪುಟ್ಟ ಪ್ರಶ್ನೆಯ ಹಿಂದೆ ನೀವು ತರಗತಿಯಲ್ಲಿ ಓದುವ ಭೌತಶಾಸ್ತ್ರವೂ ಇದೆ, ರಸಾಯನಶಾಸ್ತ್ರವೂ ಇದೆ. ಅಷ್ಟೇ ಅಲ್ಲ, ಮನೆಮಂದಿಯ ಜೀವದ ಪ್ರಶ್ನೆಯೂ ಇದೆ. ಒಂದೊಂದಾಗಿ ನೋಡೋಣ.

ಕೊರಳು ಎಂದರೆ ಯಾವುದು?

ಹಳೆಯ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕು ಸಾಮಾನ್ಯವಾಗಿ ಹಿಂದಿನ ಡಿಕ್ಕಿಯ ತಳಭಾಗದಲ್ಲಿರುತ್ತದೆ. ಪೆಟ್ರೋಲ್ ಹಾಕುವ ಬಾಯಿ ಕಾರಿನ ಹೊರಮೈಯಲ್ಲಿರುತ್ತದೆ. ಇವೆರಡನ್ನೂ ಕೂಡಿಸುವ ಕೊಳವೆಯನ್ನು ಗ್ಯಾರೇಜಿನವರು ಫಿಲ್ಲರ್ ಪೈಪು ಎನ್ನುತ್ತಾರೆ. ನಾವು ಇಲ್ಲಿ ಅದನ್ನು ಟ್ಯಾಂಕಿನ ಕೊರಳು ಎಂದು ಕರೆಯೋಣ.

ಈ ಕೊರಳು ಸಾಮಾನ್ಯವಾಗಿ ಒಂದೇ ತುಂಡಲ್ಲ. ಮೇಲೆ ಒಂದು ಉಕ್ಕಿನ ಕೊಳವೆ, ಕೆಳಗೆ ಟ್ಯಾಂಕಿಗೆ ಅಂಟಿದ ಇನ್ನೊಂದು ಮೋಟು ಕೊಳವೆ, ನಡುವೆ ಒಂದು ರಬ್ಬರ್ ಹೋಸು. ಅದರ ಎರಡೂ ತುದಿಗೆ ಕ್ಲಿಪ್ಪುಗಳು. ಇದರ ಜೊತೆಗೆ ಟ್ಯಾಂಕಿನ ನೆತ್ತಿಯಿಂದ ಹೊರಡುವ ಸಣ್ಣದೊಂದು ಗಾಳಿಕೊಳವೆ. ಎಲ್ಲಕ್ಕೂ ಮೇಲೆ ವಾಷರ್ ಇರುವ ಮುಚ್ಚಳ. ಸೋರಿಕೆ ಈ ಪೈಕಿ ಯಾವ ಜಾಗದಿಂದಲೂ ಬರಬಹುದು. ಮುಚ್ಚಳವೊಂದನ್ನೇ ಬಿಗಿ ಮಾಡಿದರೆ ಸಾಲದು ಎಂಬುದು ಇದರಿಂದಲೇ ತಿಳಿಯುತ್ತದೆ.

ಹಳೆಯ ಪೆಟ್ರೋಲ್ ಜೀಪಿನ ಕಥೆ ಸ್ವಲ್ಪ ಬೇರೆ. ಅದರಲ್ಲಿ ಟ್ಯಾಂಕು ಚಾಲಕನ ಸೀಟಿನ ಕೆಳಗೇ ಇರುತ್ತದೆ. ಕೊರಳು ಬಹಳ ಗಿಡ್ಡ. ತಿರುವಿನಲ್ಲಿ ಗಾಡಿ ವಾಲಿದರೆ ಪೆಟ್ರೋಲ್ ನೇರವಾಗಿ ಮುಚ್ಚಳಕ್ಕೇ ಬಂದು ಬಡಿಯುತ್ತದೆ.

ಅರ್ಧ ಲೀಟರಿನ ಲೆಕ್ಕ

ಈಗ ಬಾದಾಮಿಯ ಬಿಸಿಲಿಗೆ ಬರೋಣ. ಬಂಕಿನ ಪೆಟ್ರೋಲ್ ನೆಲದಡಿಯ ತೊಟ್ಟಿಯಿಂದ ಬರುತ್ತದೆ. ಹಗಲಿನ ಬಿಸಿಲು ಅದನ್ನು ಅಷ್ಟಾಗಿ ತಾಗುವುದಿಲ್ಲ. ಆಗ ಅದರ ಉಷ್ಣತೆ 28 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಳ್ಳಿ. ಕೆಂಪು ಮರಳುಗಲ್ಲಿನ ಬೆಟ್ಟದ ಬುಡದಲ್ಲಿ ನಿಂತ ಕಾರಿನ ಟ್ಯಾಂಕಿನಲ್ಲಿ ಅದು 43 ಡಿಗ್ರಿಗೆ ಏರಿತು ಎನ್ನೋಣ. ಏರಿಕೆ 15 ಡಿಗ್ರಿ.

ದ್ರವಗಳು ಕಾದಾಗ ಹಿಗ್ಗುತ್ತವೆ. ಒಂದು ಡಿಗ್ರಿ ಏರಿದರೆ ಒಂದು ಲೀಟರ್ ಪೆಟ್ರೋಲ್ ಸುಮಾರು 0.00095 ಲೀಟರಿನಷ್ಟು ಹಿಗ್ಗುತ್ತದೆ. ಟ್ಯಾಂಕಿನಲ್ಲಿ 40 ಲೀಟರ್ ಇದ್ದರೆ:

40 × 15 × 0.00095 = 0.57 ಲೀಟರ್.

ಅಂದರೆ ಅರ್ಧ ಲೀಟರಿಗೂ ಹೆಚ್ಚು! ಉಕ್ಕಿನ ಟ್ಯಾಂಕು ಕೂಡ ಕಾದು ಹಿಗ್ಗುತ್ತದಲ್ಲವೇ ಎಂದು ನೀವು ಕೇಳಬಹುದು. ನಿಜ, ಆದರೆ ಅದೇ 15 ಡಿಗ್ರಿಗೆ ಅದರ ಒಳಜಾಗ ಹೆಚ್ಚುವುದು ಸುಮಾರು 22 ಮಿಲಿಲೀಟರ್ ಮಾತ್ರ. ಉಳಿದ ಪೆಟ್ರೋಲ್ ಎಲ್ಲಿಗೆ ಹೋಗಬೇಕು? ಟ್ಯಾಂಕಿನ ನೆತ್ತಿಯಲ್ಲಿ ಖಾಲಿ ಜಾಗವಿದ್ದರೆ ಅಲ್ಲಿಗೆ. ಇಲ್ಲದಿದ್ದರೆ ಕೊರಳನ್ನು ಏರಿ, ದುರ್ಬಲವಾದ ಜೋಡಣೆಯನ್ನು ಹುಡುಕಿಕೊಂಡು ಹೊರಗೆ.

ಹೀಗಾಗಿ ಮೊದಲ ಮದ್ದಿಗೆ ಖರ್ಚೇ ಇಲ್ಲ. ಬಂಕಿನ ಪಿಸ್ತೂಲು 'ಟಕ್' ಎಂದು ತಾನಾಗಿ ನಿಂತ ಮೇಲೆ ಮತ್ತೆ ಮತ್ತೆ ಒತ್ತಿ ಹಾಕಿಸಬಾರದು.

ಅಂದಹಾಗೆ, ಆ ಪಿಸ್ತೂಲು ತಾನಾಗಿ ನಿಲ್ಲುವುದು ಹೇಗೆ? ಅದರ ತುದಿಯಲ್ಲಿ ಒಂದು ಚಿಕ್ಕ ರಂಧ್ರವಿದೆ. ಪೆಟ್ರೋಲ್ ಹರಿಯುತ್ತಿರುವಷ್ಟು ಹೊತ್ತು ಆ ರಂಧ್ರದಿಂದ ಗಾಳಿ ಒಳಗೆ ಸೆಳೆಯಲ್ಪಡುತ್ತಿರುತ್ತದೆ. ಪೆಟ್ರೋಲ್ ಮೇಲೇರಿ ರಂಧ್ರವನ್ನು ಮುಚ್ಚಿದೊಡನೆ ಒಳಗಿನ ಒತ್ತಡ ಇಳಿದು ಕವಾಟ ಮುಚ್ಚಿಕೊಳ್ಳುತ್ತದೆ. ಹಳೆಯ ಕಾರಿನ ಕೊರಳು ಕಿರಿದಾಗಿದ್ದು, ಡೊಂಕಾಗಿದ್ದರೆ ಟ್ಯಾಂಕು ತುಂಬುವ ಮೊದಲೇ ಪಿಸ್ತೂಲು ನಿಲ್ಲುವುದುಂಟು. ಪೆಟ್ರೋಲ್ ಹಿಂದಕ್ಕೆ ಚಿಮ್ಮುವುದೂ ಉಂಟು.

ಟ್ಯಾಂಕೂ ಉಸಿರಾಡಬೇಕು

ಎಣ್ಣೆಯ ಡಬ್ಬಿಗೆ ಒಂದೇ ತೂತು ಮಾಡಿ ಬಗ್ಗಿಸಿದರೆ ಎಣ್ಣೆ 'ಗಳಕ್ ಗಳಕ್' ಎಂದು ನಿಂತು ನಿಂತು ಬೀಳುತ್ತದೆ. ಎದುರು ಬದಿಯಲ್ಲಿ ಇನ್ನೊಂದು ತೂತು ಮಾಡಿದರೆ ಸರಾಗವಾಗಿ ಸುರಿಯುತ್ತದೆ. ನಿಮ್ಮ ಮನೆಯಲ್ಲಿ ಅಮ್ಮನೋ ಅಜ್ಜಿಯೋ ಹೀಗೆ ಮಾಡುವುದನ್ನು ನೋಡಿಯೇ ಇರುತ್ತೀರಿ. ಹೊರಗೆ ಹೋದ ಎಣ್ಣೆಯ ಜಾಗಕ್ಕೆ ಗಾಳಿ ಬರಬೇಕು.

ಕಾರಿನ ಟ್ಯಾಂಕಿಗೂ ಇದೇ ನಿಯಮ. ಎಂಜಿನ್ ಪೆಟ್ರೋಲ್ ಎಳೆದುಕೊಂಡಂತೆಲ್ಲ ಟ್ಯಾಂಕಿನೊಳಕ್ಕೆ ಗಾಳಿ ಹೋಗಬೇಕು. ಬಿಸಿಲಿಗೆ ಆವಿ ಹೆಚ್ಚಾದಾಗ ಅದು ಹೊರಗೆ ಬರಲು ದಾರಿ ಇರಬೇಕು. ಪೆಟ್ರೋಲಿನ ಹಗುರ ಅಂಶಗಳು ಸುಮಾರು 35 ಡಿಗ್ರಿಯಲ್ಲೇ ಕುದಿಯತೊಡಗುತ್ತವೆ ಎಂಬುದನ್ನು ನೆನಪಿಡಿ. ನಮ್ಮ ಕಡೆಯ ಬೇಸಿಗೆಗೆ ಅದೇನು ದೊಡ್ಡ ಉಷ್ಣತೆಯಲ್ಲ.

ವಾಸನೆ ಬರುತ್ತದೆಂದು ಕೆಲವರು ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಬಿಗಿಯುತ್ತಾರೆ. ಮುಚ್ಚಳದಲ್ಲಿರುವ ಗಾಳಿರಂಧ್ರವೂ ಮುಚ್ಚಿಹೋಗುತ್ತದೆ. ಆಮೇಲೆ ಏನಾಗುತ್ತದೆ? ಕೆಲವು ಕಿಲೋಮೀಟರ್ ಓಡಿದ ಕಾರು ಇದ್ದಕ್ಕಿದ್ದಂತೆ ಎಳೆದು ಎಳೆದು ನಿಲ್ಲುತ್ತದೆ. ಮುಚ್ಚಳ ತೆಗೆದರೆ 'ಸುಸ್' ಎಂದು ಗಾಳಿ ಒಳಗೆ ನುಗ್ಗುತ್ತದೆ. ಕಾರು ಮತ್ತೆ ಹೊರಡುತ್ತದೆ. ಇನ್ನೊಂದು ಕಡೆ, ನಿಂತ ಕಾರಿನಲ್ಲಿ ಆವಿಯ ಒತ್ತಡ ಹೆಚ್ಚಿ ಕೊರಳಿನ ಹೋಸಿನ ಅಂಚಿನಿಂದ ಪೆಟ್ರೋಲನ್ನು ಹೊರದಬ್ಬುತ್ತದೆ. ಸೋರಿಕೆ ನಿಲ್ಲಿಸಲು ಹೋಗಿ ಸೋರಿಕೆಯನ್ನೇ ಹೆಚ್ಚಿಸಿಕೊಂಡಂತಾಯಿತು.

ಆದ್ದರಿಂದ ಸೋರಿಕೆ ತಡೆಯುವುದೆಂದರೆ ಟ್ಯಾಂಕಿನ ಬಾಯಿ ಕಟ್ಟುವುದಲ್ಲ. ಗಾಳಿಗೆ ಸರಿಯಾದ ದಾರಿ ಕೊಟ್ಟು, ದ್ರವಕ್ಕೆ ದಾರಿ ಇಲ್ಲದಂತೆ ಮಾಡುವುದು. ಈ ಲೇಖನದ ತಿರುಳೇ ಇದು.

ಯಾವಾಗ ಸೋರುತ್ತದೆ ಎಂಬುದೇ ಸುಳಿವು

ಜಾಣ ಮಿಸ್ತ್ರಿ ಪಾನಾ ಹಿಡಿಯುವ ಮೊದಲು ಪ್ರಶ್ನೆ ಕೇಳುತ್ತಾನೆ. "ಯಾವಾಗ ಸೋರ್ತದರೀ?" ಎಂಬುದೇ ಮೊದಲ ಪ್ರಶ್ನೆ. ಅದರ ಉತ್ತರದಲ್ಲೇ ಅರ್ಧ ಪರಿಹಾರವಿದೆ.

ಪೆಟ್ರೋಲ್ ಹಾಕುವಾಗಲೇ ಹಿಂದಕ್ಕೆ ಉಕ್ಕಿದರೆ ಗಾಳಿಕೊಳವೆ ಕಟ್ಟಿಕೊಂಡಿದೆ ಅಥವಾ ಮಡಚಿಕೊಂಡಿದೆ ಎಂದು ಅರ್ಥ. ಧೂಳು, ತುಕ್ಕು, ಕಣಜದ ಗೂಡು, ಏನು ಬೇಕಾದರೂ ಅಡ್ಡವಾಗಿರಬಹುದು.

ಟ್ಯಾಂಕು ತುಂಬಿದ್ದು, ತಿರುವಿನಲ್ಲಿ ಮಾತ್ರ ಸೋರಿದರೆ ಮುಚ್ಚಳದ ವಾಷರ್ ಗಟ್ಟಿಯಾಗಿದೆ ಅಥವಾ ಸೀಳಿದೆ.

ಬಿಸಿಲಿಗೆ ನಿಂತಾಗ ಸೋರಿದರೆ ಹಿಗ್ಗುವಿಕೆಗೆ ಜಾಗವಿಲ್ಲ ಅಥವಾ ಆವಿಗೆ ದಾರಿಯಿಲ್ಲ.

ಡಿಕ್ಕಿಯೊಳಗೆ ಸದಾ ವಾಸನೆ ಇದ್ದರೆ ನಡುವಿನ ರಬ್ಬರ್ ಹೋಸು ಬಿರುಕು ಬಿಟ್ಟಿರಬೇಕು. ಇಲ್ಲವೇ ಉಕ್ಕಿನ ಕೊಳವೆಯಲ್ಲಿ ಸೂಜಿಮೊನೆಯಷ್ಟು ತುಕ್ಕಿನ ತೂತು ಬಿದ್ದಿರಬೇಕು. ಎಲ್ಲಕ್ಕಿಂತ ಅಪಾಯಕಾರಿ ಸೋರಿಕೆ ಇದೇ. ಏಕೆಂದರೆ ಪೆಟ್ರೋಲಿನ ಆವಿ ಗಾಳಿಗಿಂತ 3–4 ಪಟ್ಟು ಭಾರ. ಅದು ಹಾರಿಹೋಗದೆ ಡಿಕ್ಕಿಯ ತಳದಲ್ಲೇ ನೀರಿನಂತೆ ನಿಲ್ಲುತ್ತದೆ.

ಜಾಗ ಗುರುತಿಸಲು ಒಂದು ಸರಳ ಉಪಾಯವಿದೆ. ಅನುಮಾನ ಬಂದ ಜೋಡಣೆಯನ್ನು ಒರೆಸಿ ಒಣಗಿಸಿ, ಅದರ ಮೇಲೆ ಸೀಮೆಸುಣ್ಣದ ಪುಡಿ ಸವರುತ್ತಾರೆ. ಪೆಟ್ರೋಲ್ ಜಿನುಗಿದ ಕಡೆ ಪುಡಿಯ ಬಣ್ಣ ಕಪ್ಪಾಗುತ್ತದೆ. ನೋಡಲು ಕಡ್ಡಿ ಗೀರುವುದಂತೂ ಕನಸಿನಲ್ಲೂ ಬೇಡ.

ಸೈಕಲ್ ಟ್ಯೂಬ್ ಏಕೆ ಸಲ್ಲದು?

ದಾರಿಯಲ್ಲಿ ಹೋಸು ಹರಿದಾಗ ಸೈಕಲ್ ಟ್ಯೂಬಿನ ತುಂಡು ಸುತ್ತಿ ಕಟ್ಟುವುದು, ಬಟ್ಟೆ ಸೋಪು ಒತ್ತುವುದು ನಮ್ಮಲ್ಲಿ ಹಳೆಯ ರೂಢಿ. ಸೋಪು ಪೆಟ್ರೋಲಿನಲ್ಲಿ ಸುಲಭವಾಗಿ ಕರಗದ ಕಾರಣ ಸ್ವಲ್ಪ ಹೊತ್ತು ತಡೆಯುತ್ತದೆ. ಆದರೆ ನೀರು ತಗುಲಿದರೆ ತೊಳೆದುಹೋಗುತ್ತದೆ. ಟ್ಯೂಬಿನ ರಬ್ಬರ್ ಪೆಟ್ರೋಲ್ ಹೀರಿ ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ, ಕೊನೆಗೆ ಹರಿಯುತ್ತದೆ. ಇವು ಮನೆ ಸೇರುವ ತನಕದ ಉಪಾಯಗಳೇ ಹೊರತು ದುರಸ್ತಿಯಲ್ಲ.

ಇಲ್ಲಿ ಬಾಗಲಕೋಟೆ ಜಿಲ್ಲೆಗೆ ಹತ್ತಿರದ ಇನ್ನೊಂದು ಸಂಗತಿ ಸೇರಿಕೊಂಡಿದೆ. ಕೃಷ್ಣಾ, ಘಟಪ್ರಭಾ ನದಿಗಳ ಬಯಲಿನಲ್ಲಿ ಕಬ್ಬು ಹುಲುಸಾಗಿ ಬೆಳೆಯುತ್ತದೆ. ಜಿಲ್ಲೆಯ ಸಮೀರವಾಡಿಯಂಥ ಊರುಗಳಲ್ಲಿ ಸಕ್ಕರೆಯ ಜೊತೆಗೆ ಎಥನಾಲ್ ಕೂಡ ತಯಾರಾಗುತ್ತದೆ. ದೇಶದಲ್ಲಿ ಪೆಟ್ರೋಲಿಗೆ ಎಥನಾಲ್ ಬೆರೆಸುವ ಪ್ರಮಾಣ 2022ರಲ್ಲಿ ಶೇಕಡಾ 10 ತಲುಪಿತು. ಶೇಕಡಾ 20 ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ದೊರೆಯಿತು. 2025ರಲ್ಲಿ ದೇಶ ಆ ಶೇಕಡಾ 20ರ ಗುರಿಯನ್ನು ಮುಟ್ಟಿತು. ರೈತರಿಗೂ, ಆಮದು ಮಾಡಿಕೊಳ್ಳುವ ತೈಲದ ಉಳಿತಾಯಕ್ಕೂ ನೆರವಾಗಲೆಂದು ಕೈಗೊಂಡ ಕ್ರಮ ಇದು.

ಆದರೆ ಅಂಬಾಸಡರಿನಂಥ ಕಾರು ರೂಪುಗೊಂಡಾಗ ಈ ಮಿಶ್ರಣ ಯಾರ ಎಣಿಕೆಯಲ್ಲೂ ಇರಲಿಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಸರಣಿಯನ್ನು ಆಧರಿಸಿದ ಅಂಬಾಸಡರ್ 1950ರ ದಶಕದ ಕೊನೆಗೆ ಬಂತು. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಅದರ ತಯಾರಿಕೆ 2014ರಲ್ಲಿ ನಿಂತಿತು. ಎಥನಾಲ್ ಹಳೆಯ ಬಗೆಯ ರಬ್ಬರನ್ನು ಊದಿಸುತ್ತದೆ, ಬಿರುಕು ಬಿಡಿಸುತ್ತದೆ. ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ನೀರಿನ ಅಂಶ ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಅಲ್ಲಿಂದ ತುಕ್ಕಿನ ಕೆಲಸ ಶುರು. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಹಳೆಯ ಕಾರಿಗೆ ಈ ಕಾಟ ಹೆಚ್ಚು.

ಹೀಗಾಗಿ ಹೊಸ ಹೋಸು ಹಾಕುವಾಗ ಹಳೆಯ ಅಳತೆ ಮಾತ್ರ ನೋಡಿದರೆ ಸಾಲದು. ಎಥನಾಲ್ ತಡೆಯುವ, ಒಳಪದರದಲ್ಲಿ ಫ್ಲೋರೋ ರಬ್ಬರ್ ಇರುವ ಪೆಟ್ರೋಲ್ ಹೋಸನ್ನೇ ಕೇಳಿ ತರಬೇಕು. ರೇಡಿಯೇಟರಿನ ನೀರಿನ ಹೋಸು ನೋಡಲು ಹಾಗೆಯೇ ಕಂಡರೂ ಅದು ಪೆಟ್ರೋಲಿಗೆ ಆಗಿಬರುವುದಿಲ್ಲ.

ಮಾರ್ಪಾಡಿನ ಬಗೆ

ಇನ್ನು ಕೊರಳನ್ನು ಮಾರ್ಪಡಿಸುವ ಕೆಲಸ. ಇದನ್ನು ಮಾಡಬೇಕಾದವರು ಅನುಭವಿ ಮಿಸ್ತ್ರಿಗಳು. ಆದರೆ ಏನು, ಏಕೆ ಎಂಬುದು ಕಾರಿನ ಯಜಮಾನನಿಗೂ ವಿದ್ಯಾರ್ಥಿಗೂ ತಿಳಿದಿರಬೇಕು.

ಮೊದಲನೆಯದು ಜೋಡಣೆ. ಟ್ಯಾಂಕು ಒಂದು ಕಡೆ ಅಲುಗುತ್ತದೆ, ಕಾರಿನ ಮೈ ಇನ್ನೊಂದು ರೀತಿ ಅಲುಗುತ್ತದೆ. ಎರಡನ್ನೂ ಗಟ್ಟಿ ಕೊಳವೆಯಿಂದ ಬಿಗಿದರೆ ಒಂದಲ್ಲ ಒಂದು ದಿನ ಬೆಸುಗೆ ಬಿಡುತ್ತದೆ. ನಮ್ಮ ಪ್ರಯಾಣದ ಕೊನೆಯ ಊರಾದ ಇಳಕಲ್ಲಿನ ನೇಕಾರರನ್ನು ನೆನೆಯಿರಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸುತ್ತಾರೆ. ಬೇರೆ ಬೇರೆಯಾದ ಎರಡು ಭಾಗಗಳು ಹರಿಯದೆ ಒಂದಾಗಿ ಬಾಳುವುದು ಆ ಜೋಡಣೆಯ ಜಾಣ್ಮೆಯಿಂದ. ಕಾರಿನ ಕೊರಳಿನಲ್ಲಿ ಆ ಕೆಲಸ ರಬ್ಬರ್ ಹೋಸಿನದು.

ಹೋಸು ಕೂರುವ ಉಕ್ಕಿನ ಕೊಳವೆಯ ಎರಡೂ ತುದಿಗಳಲ್ಲಿ ಬಳೆಯಂತೆ ಉಬ್ಬಿದ ಅಂಚು ಇರಬೇಕು. ಹೋಸು ಆ ಉಬ್ಬನ್ನು ದಾಟಿ ಒಳಗೆ ಹೋಗಬೇಕು. ಕ್ಲಿಪ್ಪು ಉಬ್ಬಿನ ಆಚೆ ಬದಿಗೆ ಕೂರಬೇಕು. ಉಬ್ಬಿನ ಮೇಲೆಯೇ ಬಿಗಿದರೆ ಹೋಸು ಜಾರುತ್ತದೆ. ವಿಪರೀತ ಬಿಗಿದರೆ ಕ್ಲಿಪ್ಪಿನ ಹಲ್ಲು ರಬ್ಬರನ್ನು ಕತ್ತರಿಸುತ್ತದೆ.

ಎರಡನೆಯದು ಆಸರೆ. ಮೇಲಿನ ಉಕ್ಕಿನ ಕೊಳವೆಯನ್ನು ಒಂದು ಪಟ್ಟಿಯಿಂದ ಕಾರಿನ ಮೈಗೆ ಕಟ್ಟಬೇಕು. ಕೊಳವೆಯ ತೂಕವೂ, ಪೆಟ್ರೋಲ್ ಪಿಸ್ತೂಲಿನ ಭಾರವೂ ಹೋಸಿನ ಮೇಲೆ ಬೀಳಬಾರದು. ಕೊಳವೆ ತಗಡನ್ನು ದಾಟುವ ಕಡೆ ರಬ್ಬರ್ ಬಳೆ ಇರಲಿ. ಇಲ್ಲದಿದ್ದರೆ ತಗಡಿನ ಅಂಚು ಕೊಳವೆಯನ್ನು ಉಜ್ಜಿ ಸವೆಸುತ್ತದೆ.

ಮೂರನೆಯದು ಗಾಳಿಕೊಳವೆ. ಅದು ಟ್ಯಾಂಕಿನ ನೆತ್ತಿಯಿಂದ ಹೊರಟು, ಕೊರಳಿನ ಬಾಯಿಯಷ್ಟು ಎತ್ತರಕ್ಕೆ ಏರಿ, ಬಾಗಿ, ಕಾರಿನ ಹೊರಗೆ ತೆರೆದುಕೊಳ್ಳಬೇಕು. ಎತ್ತರಕ್ಕೆ ಏರಿಸುವುದರಿಂದ ತಿರುವಿನಲ್ಲಿ ದ್ರವ ಹೊರಗೆ ಬಾರದು; ಗಾಳಿ ಮಾತ್ರ ಓಡಾಡುತ್ತದೆ. ಕಾರು ಮಗುಚಿದಾಗ ತಾನಾಗಿ ಮುಚ್ಚಿಕೊಳ್ಳುವ ಸಣ್ಣ ಕವಾಟವನ್ನು ಇದೇ ಕೊಳವೆಯಲ್ಲಿ ಕೂಡಿಸಿದರೆ ಇನ್ನೂ ಕ್ಷೇಮ. ಅದರ ಬಾಯಿ ಸೈಲೆನ್ಸರಿನ ಬಳಿ ಇರಲೇಬಾರದು.

ನಾಲ್ಕನೆಯದು ಮುಚ್ಚಳ. ಎರಡು ಪುಟ್ಟ ಕವಾಟಗಳಿರುವ ಮುಚ್ಚಳಗಳುಂಟು. ಒಳಗೆ ನಿರ್ವಾತ ಉಂಟಾದರೆ ಒಂದು ತೆರೆದು ಗಾಳಿಯನ್ನು ಒಳಗೆ ಬಿಡುತ್ತದೆ. ಒತ್ತಡ ಮಿತಿ ಮೀರಿದರೆ ಇನ್ನೊಂದು ತೆರೆದು ಆವಿಯನ್ನು ಹೊರಗೆ ಬಿಡುತ್ತದೆ. ಹಳೆಯ ಕೊರಳಿಗೆ ಹೊಂದುವ ಇಂಥ ಮುಚ್ಚಳ ಸಿಕ್ಕರೆ ಒಳ್ಳೆಯದು.

ಐದನೆಯದು ಬಹಳ ಜನ ಮರೆಯುವ ಸಂಗತಿ. ರಬ್ಬರ್ ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವುದಿಲ್ಲ. ನಡುವೆ ರಬ್ಬರ್ ಹೋಸು, ಸುತ್ತ ರಬ್ಬರ್ ಬಳೆ ಹಾಕಿದಾಗ ಮೇಲಿನ ಉಕ್ಕಿನ ಬಾಯಿ ಒಂಟಿಯಾಗಿಬಿಡಬಹುದು. ಹರಿಯುವ ಪೆಟ್ರೋಲಿನ ತಿಕ್ಕಾಟದಿಂದ ಹುಟ್ಟುವ ಸ್ಥಿರ ವಿದ್ಯುತ್ತು ಅಲ್ಲಿ ಕೂಡಿಕೊಂಡು ಕಿಡಿ ಹಾರಬಹುದು. ಆದ್ದರಿಂದ ಕೊರಳಿನ ಉಕ್ಕಿನ ಭಾಗದಿಂದ ಕಾರಿನ ಮೈಗೆ ಒಂದು ತಂತಿಯನ್ನು ಜೋಡಿಸಲೇಬೇಕು.

ಖಾಲಿ ಟ್ಯಾಂಕೇ ಹೆಚ್ಚು ಅಪಾಯ

ಕೊರಳಿನಲ್ಲಿ ತುಕ್ಕಿನ ತೂತು ಬಿದ್ದಿದ್ದರೆ ಬೆಸುಗೆ ಹಾಕಿಸುವ ಆಲೋಚನೆ ಬರುತ್ತದೆ. "ಟ್ಯಾಂಕ್ ಖಾಲಿ ಐತಿ, ಏನಾಗಂಗಿಲ್ಲ" ಎಂಬ ಮಾತು ಕೇಳಿಬರುತ್ತದೆ. ಮಿತ್ರರೇ, ಈ ಮಾತನ್ನು ಎಂದೂ ನಂಬಬೇಡಿ. ಲೆಕ್ಕ ಹಾಕಿ ನೋಡೋಣ.

ಗಾಳಿಯಲ್ಲಿ ಪೆಟ್ರೋಲಿನ ಆವಿ ಶೇಕಡಾ 1.4ರಷ್ಟಿದ್ದರೂ ಸಾಕು, ಕಿಡಿ ತಗುಲಿದರೆ ಅದು ಸಿಡಿಯುತ್ತದೆ. 40 ಲೀಟರಿನ ಟ್ಯಾಂಕಿಗೆ ಇದು ಕೇವಲ 0.56 ಲೀಟರ್ ಆವಿ. ಒಂದು ಲೀಟರ್ ದ್ರವ ಪೆಟ್ರೋಲ್ ಸುಮಾರು 190 ಲೀಟರ್ ಆವಿಯಾಗುತ್ತದೆ. ಹಾಗಾದರೆ 0.56 ಲೀಟರ್ ಆವಿಗೆ ಬೇಕಾದ ದ್ರವ ಸುಮಾರು 3 ಮಿಲಿಲೀಟರ್. ಒಂದು ಚಹಾ ಚಮಚವೂ ತುಂಬದಷ್ಟು!

ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗ ಕಡಿಮೆ. ಬರಿದಾದ ಟ್ಯಾಂಕಿನಲ್ಲಿ ಗಾಳಿಯೂ ಇದೆ, ಮೂಲೆಯಲ್ಲಿ ಉಳಿದ ಹನಿಗಳ ಆವಿಯೂ ಇದೆ. ಸಿಡಿಯಲು ಬೇಕಾದದ್ದೆಲ್ಲ ಅಲ್ಲೇ ಸಿದ್ಧವಾಗಿದೆ. ಆದ್ದರಿಂದ ಟ್ಯಾಂಕನ್ನಾಗಲಿ ಅದಕ್ಕೆ ಅಂಟಿದ ಕೊಳವೆಯನ್ನಾಗಲಿ ಬೀದಿಬದಿಯಲ್ಲಿ ಬೆಸೆಯಬಾರದು, ಕಾಸಬಾರದು, ಡ್ರಿಲ್ ಹಾಕಬಾರದು. ಬ್ಯಾಟರಿಯ ತಂತಿ ಬಿಚ್ಚಿ, ಬಯಲಿನಲ್ಲಿ ಟ್ಯಾಂಕನ್ನು ಇಳಿಸಿ, ಆವಿಯನ್ನು ಪೂರ್ತಿ ಹೊರಹಾಕುವ ಸೌಕರ್ಯವಿರುವ ಕಾರ್ಖಾನೆಗೆ ಒಯ್ಯುವುದೇ ಸರಿ. ಮೇಲಿನ ಕೊಳವೆ ಕೆಟ್ಟಿದ್ದರೆ ಬೆಸುಗೆಯ ಬದಲು ಹೊಸ ಕೊಳವೆ ಮಾಡಿಸುವುದು ಉತ್ತಮ.

ಒಂದು ಕೊರಳು, ಹದಿನೈದು ಲಕ್ಷ ಕಾರು

ಇಷ್ಟು ಸಣ್ಣ ಭಾಗಕ್ಕೆ ಇಷ್ಟೊಂದು ಮಾತೇ ಎನಿಸಬಹುದು. ಅಮೆರಿಕದ ಒಂದು ಪ್ರಸಂಗ ಕೇಳಿ. ಫೋರ್ಡ್ ಕಂಪನಿಯ ಪಿಂಟೊ ಎಂಬ ಕಾರಿನಲ್ಲಿ ಹಿಂದಿನಿಂದ ಡಿಕ್ಕಿಯಾದಾಗ ಕೊರಳು ಟ್ಯಾಂಕಿನಿಂದ ಕಳಚಿ ಪೆಟ್ರೋಲ್ ಚೆಲ್ಲುತ್ತಿತ್ತು. ಟ್ಯಾಂಕಿಗೆ ತೂತು ಬೀಳುವುದೂ ಇತ್ತು. ಬೆಂಕಿ ಹತ್ತಿ ಜನ ಸತ್ತರು. 1978ರ ಜೂನ್ ತಿಂಗಳಲ್ಲಿ ಕಂಪನಿ ಪಿಂಟೊ ಮತ್ತು ಅದರ ಜೋಡಿ ಮಾದರಿಯಾದ ಬಾಬ್‌ಕ್ಯಾಟ್ ಸೇರಿ ಸುಮಾರು 15 ಲಕ್ಷ ಕಾರುಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಯಿತು. ಮಾಡಿದ ಮಾರ್ಪಾಡು ಏನು ಗೊತ್ತೇ? ಟ್ಯಾಂಕಿನೊಳಕ್ಕೆ ಇನ್ನಷ್ಟು ಆಳ ಹೋಗುವ ಉದ್ದದ ಕೊರಳು, ಅದರ ಸುತ್ತ ಉತ್ತಮ ಸೀಲು, ಟ್ಯಾಂಕಿನ ಮುಂದೆ ಪ್ಲಾಸ್ಟಿಕ್ಕಿನ ಗುರಾಣಿ. ಮೊದಲೇ ಯೋಚಿಸಿದ್ದರೆ ಆಗಬಹುದಾಗಿದ್ದ ಕೆಲಸ.

ನಮ್ಮ ದೇಶದಲ್ಲಿ 50 ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮ 2021ರಲ್ಲಿ ಬಂದಿದೆ. ಅಂಥ ವಾಹನದ ಚಾಸಿ, ಮೈ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಎಂಬುದು ಅದರ ಷರತ್ತು. ಹಾಗಾಗಿ ಕೊರಳು ಸರಿಪಡಿಸುವ ನೆಪದಲ್ಲಿ ಕಾರಿನ ಮೈಯನ್ನು ಕತ್ತರಿಸುವುದು ಬೇಡ. ಹೊರಗಿನ ಅಂದ ಹಾಗೇ ಇರಲಿ. ಒಳಗಿನ ರಬ್ಬರ್, ಕ್ಲಿಪ್ಪು, ಕವಾಟ ಹೊಸದಾಗಲಿ.

ಈಗ ಮತ್ತೆ ಬಾದಾಮಿಯ ಆ ಕುಟುಂಬದ ಬಳಿಗೆ ಹೋಗೋಣ. ಅವರು ಮಾಡಬೇಕಾದದ್ದೇನು? ಎಂಜಿನ್ ಚಾಲೂ ಮಾಡಬಾರದು. ಎಲ್ಲರೂ ಕಾರಿನಿಂದ ದೂರ ನಿಲ್ಲಬೇಕು. ಹತ್ತಿರದಲ್ಲಿ ಬೀಡಿ ಸಿಗರೇಟು ಸೇದುವವರಿದ್ದರೆ ತಡೆಯಬೇಕು. ಮಿಸ್ತ್ರಿಯನ್ನು ಕಾರಿದ್ದಲ್ಲಿಗೇ ಕರೆಸಿ, ಸ್ವಲ್ಪ ಪೆಟ್ರೋಲನ್ನು ಪೆಟ್ರೋಲಿಗೆಂದೇ ಮಾಡಿದ ಡಬ್ಬಿಗೆ ತೆಗೆಸಬೇಕು. ಜಿನುಗುವುದು ನಿಂತು, ನೆಲ ಒಣಗಿ, ವಾಸನೆ ಪೂರ್ತಿ ಹೋಗಿ, ಜೋಡಣೆ ಗಟ್ಟಿಯಾಗಿದೆ ಎಂದು ಮಿಸ್ತ್ರಿ ಹೇಳಿದ ಮೇಲೆಯೇ ಹೊರಡಬೇಕು. ಇಲ್ಲವಾದರೆ ಆ ದಿನದ ಪಟ್ಟದಕಲ್ಲು, ಐಹೊಳೆಗಳಿಗೆ ಬಸ್ಸು ಇದ್ದೇ ಇದೆ. ಊರಿಗೆ ಮರಳಿದ ಮೇಲೆ ಕೊರಳಿನ ದುರಸ್ತಿಯನ್ನು ನಾಳೆಗೆ ತಳ್ಳಬಾರದು.

ನಿಮ್ಮ ಮನೆಯಲ್ಲೋ ಓಣಿಯಲ್ಲೋ ಹಳೆಯ ಕಾರೊಂದಿದ್ದರೆ, ಅದರ ಯಜಮಾನರಿಗೆ ಮೂರು ಪ್ರಶ್ನೆ ಕೇಳಿ: ಟ್ಯಾಂಕಿಗೆ ಉಸಿರಾಡಲು ದಾರಿ ಇದೆಯೇ? ಹೋಸು ಈಗಿನ ಪೆಟ್ರೋಲಿಗೆ ಒಗ್ಗುವಂಥದೇ? ಕೊರಳಿನಿಂದ ಕಾರಿನ ಮೈಗೆ ತಂತಿ ಇದೆಯೇ? ಮೂರಕ್ಕೂ ಹೌದು ಎಂಬ ಉತ್ತರ ಬಂದರೆ, ಧೈರ್ಯವಾಗಿ ಆ ಕಾರಿನಲ್ಲಿ ಕುಳಿತು ಬಾದಾಮಿಗೆ ಹೋಗಿಬನ್ನಿ. ಟ್ಯಾಂಕನ್ನು ಮಾತ್ರ ಬಾಯಿಮಟ್ಟ ತುಂಬಿಸಬೇಡಿ.